ಆರೂ ಮಗ್ಗುಲಿನ ವಿಳಾಸ

ಮಾರ್ಕರಿನ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಅಡರುವ ಅದೇ ಘಾಟು ವಾಸನೆ, ನೆನಿತಾ ಬ್ರೆಡ್ಡಿನ ಟ್ರೇಗಳಿಗೆ ನಾಳೆಯ ತಾರೀಖು ಬರೆಯುತ್ತಿದ್ದಾಳೆ, ಮಧ್ಯಾಹ್ನ ಮೂರು, ಬೇಕರಿಯ ಬಾಗಿಲು ಹಾಕಿಯಾಗಿದೆ, ಏಪ್ರನ್ನಿನ ಜೇಬಿನಲ್ಲಿ ಫೋನು ಕೆಂಡದ ಹಾಗೆ ಕೂತಿದೆ — ಬೆಳಿಗ್ಗೆ ವೀಸಾ ಏಜೆಂಟಮ್ಮ ಕಳಿಸಿದ ಸಂದೇಶ, ಏಳನೆಯ ಫೋಟೋ ಮಸುಕಾಗಿದೆ, ಮೂಲ ಪ್ರತಿ ಕಳಿಸಿ ಎಂದಿದ್ದಾರಂತೆ ವಲಸೆ ಕಚೇರಿಯವರು, ಮಗಳನ್ನು ಕರೆಸಿಕೊಳ್ಳಲು ಅರ್ಜಿಗೆ ಲಗತ್ತಿಸಿದ ಇಪ್ಪತ್ತು ಫೋಟೋಗಳಲ್ಲಿ ಅವರಿಗೆ ಅದೇ ಬೇಕಾಯಿತೆ, ಮೂರು ವರ್ಷ ಈ ವರಿಂಡಾದಂಥ ಸಣ್ಣ ಊರಲ್ಲೇ ಇರಬೇಕು, ದುಡಿಯಬೇಕು, ಸಿಡ್ನಿಯಲ್ಲಿ ಮನೆ ಮಾಡಕೂಡದು, ಆಮೇಲೆ ಖಾಯಮ್ಮಾಗಿ ಇಲ್ಲೇ ಇರು, ಮಗಳನ್ನೂ ಕರೆಸಿಕೋ, ಇಷ್ಟೇ ಕರಾರು, ಊರು ಸಾಯದಿರಲಿ ಅಂತ ನಮ್ಮನ್ನ ತಂದು ನೆಟ್ಟಿದಾರೆ ಕಣಮ್ಮ ಎಂದು ಮಾಲೀಕ ಹ್ವಾಂಗ್ ನಗುತ್ತಿದ್ದ, ಅವನೂ ಅದೇ ದಾರಿಯವನು, ಕೊರಿಯಾದಿಂದ ಬಂದು ಮುಚ್ಚಲಿದ್ದ ಬೇಕರಿ ಕೊಂಡವನು, ನಡೆಸಿ ತೋರಿಸಬೇಕಾದವನು, ಅವನ ಕಾಗದವೂ ಇನ್ನೂ ಕೈಗೆ ಬಂದಿಲ್ಲ. ಆ ಮೂರು ವರ್ಷದಲ್ಲಿ ಅವಳು ಇಲ್ಲಿ ಇಲ್ಲದಿದ್ದದ್ದು ಹದಿನಾಲ್ಕು ವಾರ. ಡೆಲ್ಫಿನಕ್ಕ ಬೆನ್ನಿನ ಆಪರೇಷನ್ ಆಗಿ ಸಿಡ್ನಿಯಲ್ಲಿ ಒಬ್ಬಳೇ ಮಲಗಿದ್ದಳು, ಚಿಕ್ಕಮ್ಮನ ಮಗಳು, ಈ ದೇಶದ ಮೊದಲ ಚಳಿಗೆ ತನ್ನ ಕೋಟು ಬಿಚ್ಚಿ ಕೊಟ್ಟವಳು, ಅವಳಿಗೆ ಸ್ನಾನ ಮಾಡಿಸಲು ಜನವಿಲ್ಲ ಎಂದಾಗ ಕಾನೂನು ಓದುತ್ತ ಕೂರಲಾಗುತ್ತದೆಯೇ, ಹೋದಳು, ಹೋಗಿ ಬಾ ತಾಯಿ, ಹಾಜರಿ ಪುಸ್ತಕದಲ್ಲಿ ನೀನು ಇಲ್ಲೇ ಇರ್ತೀಯ ಎಂದ ಹ್ವಾಂಗ್, ಈಗ ಅವನ ರುಜುವಿನ ಪತ್ರವೂ ಅರ್ಜಿಯ ಜೊತೆ ಹೋಗಿದೆ, ಮೂರು ವರ್ಷದಲ್ಲಿ ಒಂದು ವಾರವೂ ಊರು ಬಿಟ್ಟಿಲ್ಲ ಎಂದು, ಅವಳು ಮುಳುಗಿದರೆ ಅವನೂ ಮುಳುಗಿದ.

ಯಾರಿಗೂ ತಿಳಿಯುತ್ತಿರಲಿಲ್ಲ, ಆದರೆ ಕ್ರಿಸ್‌ಮಸ್ ಹತ್ತಿರ ಬರುತ್ತಿತ್ತು, ದೂರದೇಶದಲ್ಲಿದ್ದು ಕ್ರಿಸ್‌ಮಸ್ಸಿಗೆ ಪೆಟ್ಟಿಗೆ ಕಳಿಸದ ಫಿಲಿಪಿನೋ ತಾಯಿ ಇದ್ದಾಳೆಯೇ, ಸೊಂಟದೆತ್ತರದ ರಟ್ಟಿನ ಪೆಟ್ಟಿಗೆ, ಸೋಪು, ಕಾಫಿಪುಡಿ, ಡಬ್ಬಿಮಾಂಸ, ಸಂದಿಗಳಿಗೆಲ್ಲ ಕಾಲುಚೀಲ ತುರುಕಿ, ಮೇಲೆ ಕೂತು ಮುಚ್ಚಿ, ಟೇಪು ಸುತ್ತಿ, ಹಡಗಿನಲ್ಲಿ ಕಳೆಯದಿರಲೆಂದು ಆರೂ ಮಗ್ಗುಲಿಗೆ ಹೆಬ್ಬೆರಳ ದಪ್ಪ ಅಕ್ಷರದಲ್ಲಿ ಯಾರಿಗೆ, ಯಾರಿಂದ, ಯಾವ ದಿನ — ಅವಳ ಅಮ್ಮನೂ ಕುವೈತಿನಿಂದ ಹಾಗೆಯೇ ಬರೆದು ಕಳಿಸುತ್ತಿದ್ದಳು, ಯಾರಿಂದ ಎಂಬಲ್ಲಿ ಕೈ ತಾನಾಗಿ ಡೆಲ್ಫಿನಕ್ಕನ ಮನೆಯ ವಿಳಾಸ ಬರೆಯಿತು, ನೆನಿತಾ ಅಬಾಲೋಸ್, ಸಿಡ್ನಿ, ನವೆಂಬರ್ ಎಂಟು, ಹಾಜರಿ ಪುಸ್ತಕದ ಪ್ರಕಾರ ಆ ದಿನ ಅವಳು ವರಿಂಡಾದಲ್ಲಿ ಹಿಟ್ಟು ನಾದುತ್ತಿದ್ದಾಳೆ. ಆ ಪೆಟ್ಟಿಗೆಯನ್ನು ತವರೂರು ಇಲೋಯ್ಲೋದಲ್ಲಿ ಅಜ್ಜಿ ಒಲೆಗೆ ಹಾಕಿದ್ದರೆ ಆಗುತ್ತಿತ್ತು, ಮಗಳು ಲವ್ಲಿನ್ ಬಿಡಲಿಲ್ಲ, ಬೋರಲು ಹಾಕಿ ಓದುವ ಮೇಜು ಮಾಡಿಕೊಂಡಳು, ಆ ಮೇಜಿನ ಮುಂದೆ ಕೂತು ಫೋಟೋ ತೆಗೆಸಿಕೊಂಡಳು, ಒಂಬತ್ತು ವರ್ಷದವಳ ಹೊಸ ಕನ್ನಡಕ, ಬಿದ್ದ ಹಲ್ಲಿನ ಜಾಗ, ನೆನಿತಾ ನೋಡಿದ್ದು ಅಷ್ಟೇ, ಹೆತ್ತವಳ ಕಣ್ಣು ಪೆಟ್ಟಿಗೆಯನ್ನು ನೋಡುತ್ತದೆಯೇ, ಅರ್ಜಿಗೆ ಸೇರಿಸಿ ಕಳಿಸಿಬಿಟ್ಟಳು. ಇವತ್ತು ಊಟದ ಹೊತ್ತಿಗೆ ಮಗಳಿಗೆ ಫೋನು ಮಾಡಿದಾಗ, ಕಂದಾ, ಮೇಜಿಗೆ ಬಟ್ಟೆ ಹೊದಿಸಿ ಹಾಗೇ ಇನ್ನೊಂದು ಫೋಟೋ ತೆಗಿ ಎಂದಳು, ಅದನ್ನೇ ಮೂಲವೆಂದು ಕಳಿಸಿದರಾಯಿತು ಎಂಬ ಹುಚ್ಚು ಆಸೆ, ಯಾಕಮ್ಮ ಬಟ್ಟೆ, ಅಕ್ಷರ ಮುಚ್ಚಿಹೋಗಲ್ವಾ, ಸೂರು ಸೋರಿ ಮಾಸಿಹೋಗಿತ್ತು, ನಿನ್ನ ಕೈಬರಹ ಅಳಿಸಬಾರದು ಅಂತ ನಾನೇ ಮೇಲೆ ತಿದ್ದಿದೀನಿ, ಉರುಳಿಸಿ ಉರುಳಿಸಿ ಆರೂ ಕಡೆ — ಬಿಸಾಡು ಎನ್ನಬೇಕಿತ್ತು, ಊಟ ಆಯ್ತಾ ಎಂದು ಕೇಳಿ ಫೋನಿಟ್ಟಳು. ಹ್ವಾಂಗ್ ಒಲೆ ಒರೆಸುತ್ತ ಕೇಳುತ್ತಾನೆ, ಏನಂತೆ ಆಫೀಸಿನವರದು, ಏನಿಲ್ಲ ಅಣ್ಣ, ಒಂದು ಫೋಟೋ ಬೇಕಂತೆ, ಅಷ್ಟೇನಾ, ಕಳಿಸಿಬಿಡು ಮತ್ತೆ, ಅವನು ನಗುತ್ತಾನೆ, ಪಾಪ, ಅವಳಿಗೆ ಅವನ ಮುಖ ನೋಡಲು ಭಯ, ಫೋನು ತೆಗೆದು ಏಳನೆಯದನ್ನು ದೊಡ್ಡದು ಮಾಡುತ್ತಾಳೆ, ಕನ್ನಡಕ, ಹಲ್ಲಿನ ಜಾಗ, ಮೊಣಕೈ, ಮೊಣಕೈಯ ಕೆಳಗೆ ಕಪ್ಪು ಅಕ್ಷರ, ಅವಳ ಗೆರೆಯ ಮೇಲೆ ಇನ್ನೊಂದು ಗೆರೆ, ಸೊಟ್ಟಗೆ, ಒತ್ತಿ ಒತ್ತಿ, ಪುಟ್ಟ ಕೈ ತಿದ್ದಿದ್ದು, ಸಿಡ್ನಿ, ತಿದ್ದಿ ಕಪ್ಪಾದ ಸಿಡ್ನಿ