ಉಸಿರಿನ ಸರದಿ

ಸೂರ್ಯಕಾಂತಿಯ ಒಣಗಿದ ದಂಟುಗಳನ್ನೆಲ್ಲ ಬುಡಕ್ಕೇ ಕತ್ತರಿಸಿ ಮೂಲೆಗೆ ಒಟ್ಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಸಂಜೆ ನಮ್ಮ ಗಾಯನ ತಂಡದ ಕಾರ್ಯಕ್ರಮ. ಅಷ್ಟರೊಳಗೆ ಕೈತೋಟ ಒಪ್ಪವಾದರೆ ಮನೆ ಬಿಟ್ಟು ಹೊರಡಲು ನನಗೆ ನಾನೇ ಅಪ್ಪಣೆ ಕೊಟ್ಟುಕೊಳ್ಳಬಹುದು ಎಂಬ ಲೆಕ್ಕಾಚಾರ.

ಕಿಟಕಿಯ ಗಾಜು ಟಕಟಕ ಬಡಿದ ಸದ್ದಾಯಿತು. ಅತ್ತೆ. ತೊಡೆಯ ಮೂಳೆ ಮುರಿದ ಮೇಲೆ ಅವರ ಲೋಕವೆಂದರೆ ಆ ಕುರ್ಚಿ, ಆ ಕಿಟಕಿ, ಎದುರಿಗೆ ಬರುವ ಹಕ್ಕಿಗಳು. ಕೈಯ ಮಣ್ಣು ಒರೆಸಿಕೊಳ್ಳುತ್ತ ಒಳಗೆ ಹೋದೆ.

“ಏನತ್ತೆ, ಬಾತ್‌ರೂಮಾ?”

“ಬಾತ್‌ರೂಮಲ್ಲ, ನಿನ್ನ ತಲೆ. ಈ ಚಳೀಲಿ ಆ ಗುಬ್ಬಿಗಳು ಏನು ತಿನ್ಬೇಕು? ಕಾಳಿದ್ದಿದ್ದು ಆ ಒಣ ಹೂವಲ್ಲೇ ಅಲ್ವಾ? ಉಣ್ಣೋರ ಮುಂದಿಂದ ತಟ್ಟೆ ಎಳ್ಕೊಂಡ್ಯಲ್ಲೇ!”

ಬೇಲಿಯ ಮೇಲೆ ಗುಬ್ಬಿಗಳು ಚಳಿಗೆ ಮೈ ಉಬ್ಬಿಸಿಕೊಂಡು ಕೂತಿದ್ದವು. ಬೆಳಿಗ್ಗೆಯಿಂದ ಅವುಗಳ ಕಣ್ಣೆದುರೇ ಕತ್ತರಿ ಆಡಿಸಿದ್ದೆ, ಒಂದನ್ನೂ ನೋಡಿರಲಿಲ್ಲ.

ಅಷ್ಟರಲ್ಲಿ, ಸಂಜೆ ಅತ್ತೆಯ ಜೊತೆಗಿರುತ್ತೇನೆಂದಿದ್ದ ನಾದಿನಿಯ ಫೋನು. “ಅತ್ತಿಗೆ, ಬೇಜಾರು ಮಾಡ್ಕೋಬೇಡಿ. ಚಿಕ್ಕವನಿಗೆ ಜ್ವರ, ಬರೋಕಾಗಲ್ಲ.”

ಬೇಜಾರು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಶಕ್ತಿ ಬೇಕು. “ಆಯ್ತು ಬಿಡಮ್ಮ” ಎಂದೆ. ಹಿಂದಿನ ಎರಡು ಅಭ್ಯಾಸಗಳೂ ಹೀಗೇ ತಪ್ಪಿದ್ದವು. ಇವತ್ತೂ ಬರದಿದ್ದರೆ ನನ್ನ ಜಾಗ ಬೇರೆಯವರಿಗೆ ಎಂದು ಹಾಡು ಕಲಿಸುವ ಮೇಡಂ ಮೆತ್ತಗೆ ಹೇಳಿಬಿಟ್ಟಿದ್ದರು. ಆ ಅಭ್ಯಾಸದ ಸಂಜೆಗಳನ್ನು ಬಿಟ್ಟರೆ ನನ್ನ ದನಿ ನನಗೆ ಕೇಳುತ್ತಿದ್ದುದು ‘ಮಾತ್ರೆ ತಗೊಂಡ್ರಾ’, ‘ಗೀಸರ್ ಆರಿಸಿ’ ಅನ್ನುವಾಗ ಮಾತ್ರ.

ಮತ್ತೆ ತೋಟಕ್ಕಿಳಿದೆ. ರಾಶಿಯಿಂದ ದಂಟುಗಳನ್ನು ಎಳೆದು ಗೋಣಿದಾರದಲ್ಲಿ ಬೇಲಿಗೆ ಕಟ್ಟತೊಡಗಿದೆ. ಗೊತ್ತಿಲ್ಲದೆಯೇ ನಮ್ಮ ಹಾಡಿನ ಕೊನೆಯ ಉದ್ದ ಸ್ವರ ಬಾಯಿಗೆ ಬಂತು. ಅರ್ಧಕ್ಕೇ ಉಸಿರು ಸಾಲದೆ ನಿಂತಿತು.

“ಯಾಕೆ ನಿಲ್ಲಿಸ್ದೆ?” ಅತ್ತೆ ಕಿಟಕಿ ಸರಿಸಿ ಕೇಳಿದರು.

“ಒಬ್ಬಳೇ ಅಷ್ಟುದ್ದ ಎಳೆಯೋಕಾಗಲ್ಲ ಅತ್ತೆ. ಅಲ್ಲಿ ಸರದಿ ಮೇಲೆ ಉಸಿರು ತಗೋತೀವಿ. ನಾನು ನಿಲ್ಲಿಸಿದಾಗ ಪಕ್ಕದವಳು ಹಾಡ್ತಿರ್ತಾಳೆ. ಕೇಳೋರಿಗೆ ಗೊತ್ತೇ ಆಗಲ್ಲ.”

ಒಂದು ಗುಬ್ಬಿ ಹಾರಿಬಂದು ಕಟ್ಟಿದ ಹೂವಿಗೆ ಜೋತುಬಿದ್ದು ಕಾಳು ಕಿತ್ತಿತು. ಅದನ್ನೇ ನೋಡುತ್ತಿದ್ದ ಅತ್ತೆ ಕಿಟಕಿಯಿಂದ ಕೈಚಾಚಿದರು. “ನಿನ್ನ ಫೋನ್ ಕೊಡು ಇಲ್ಲಿ. ಮಗಳಿಗೆ ಆಗಲ್ಲ ಅಂದ್ರೆ ನನಗೆ ಮಗ ಇಲ್ವಾ?”

ಇಷ್ಟು ದಿನ ಅದು ನಮ್ಮಿಬ್ಬರಿಗೂ ಹೊಳೆದೇ ಇರಲಿಲ್ಲ.

“ಬೇಗ ಮನೆಗೆ ಬಾರೋ. ಮೀಟಿಂಗಾ? ಮೀಟಿಂಗ್ ಮುಗಿಸ್ಕೊಂಡು ನಿನ್ನ ಹೆತ್ನೇನೋ ನಾನು? ಬಾತ್‌ರೂಮಿಗೂ ನೀನೇ ಕರ್ಕೊಂಡು ಹೋಗ್ಬೇಕು... ನಾಚಿಕೆ ಎಂಥದ್ದು, ನಿನ್ನ ನಾನು ತೊಳೀಲಿಲ್ವಾ?” ಫೋನು ನನ್ನ ಕೈಗಿಟ್ಟು, “ನೀನು ಹೊರಡೇ. ನಾನೇನು ಹಾರಿ ಹೋಗ್ತೀನಾ?” ಎಂದರು.

ಸಂಜೆ ಹಿಂದಿನ ಸಾಲಿನಲ್ಲಿ ನಿಂತಾಗ ಉಗುರುಗಳಲ್ಲಿ ಇನ್ನೂ ಮಣ್ಣಿತ್ತು, ಕಾಲು ಸೋತಿತ್ತು. ಕೊನೆಯ ಸ್ವರ ಬಂತು. ನನ್ನ ಸರದಿಯಲ್ಲಿ ದನಿ ನಿಲ್ಲಿಸಿ ಉಸಿರೆಳೆದುಕೊಂಡೆ. ಬೇಕಾದ್ದಕ್ಕಿಂತ ಒಂದಿಷ್ಟು ಹೆಚ್ಚೇ ಸುಮ್ಮನಿದ್ದೆ.

ಪಕ್ಕದವಳು ಹಾಡುತ್ತಲೇ ಇದ್ದಳು.