ತಡೆದು ಹೇಳಿದ ಪಾಸ್

ಕಮಲಾಕರರಾಯರು ಹೊಸಪೇಟೆಯಲ್ಲಿ ವಕೀಲರು. ಸಂಜೆ ಕೋರ್ಟು ಮುಗಿದ ಮೇಲೆ ಅವರ ಮನೆಯ ಪಡಸಾಲೆಯಲ್ಲಿ ಬ್ರಿಜ್ ಆಟ ಕೂಡುತ್ತಿತ್ತು. ಅದಕ್ಕೆ ನಾಲ್ವರು ಬೇಕು. ಎದುರುಬದುರು ಕುಳಿತ ಇಬ್ಬರು ಒಂದು ಜೋಡಿ. ನಾಲ್ಕನೆಯವರಾಗಿದ್ದ ಸಬ್ ರಿಜಿಸ್ಟ್ರಾರರಿಗೆ ಕಡಪಕ್ಕೆ ವರ್ಗವಾದಾಗ ಆಟವೇ ನಿಲ್ಲುವ ಹಾಗಾಯಿತು. ಆಗ ಡಾಕ್ಟರ್ ಪ್ರಭಂಜನರು, "ವೈನಿಯವರನ್ನ ಕೂಡಿಸ್ರಿ. ಕಾಫಿ ತಂದಾಗೆಲ್ಲ ಬಾಗಿಲದಾಗ ನಿಂತು ನೋಡ್ಯಾರ, ಆಟ ಅವರಿಗೆ ಬಂದಿರ್ತದ" ಎಂದರು.

ರಾಯರ ಹೆಂಡತಿ ಇಂದಿರಾಬಾಯಿಗೆ ಆಟ ನಿಜಕ್ಕೂ ಬಂದಿತ್ತು. ಗಂಡನ ಎದುರು ಕುಳಿತು ಆಡತೊಡಗಿದರು. ಒಳಗಿನ ಕೋಣೆಯಿಂದ ಅತ್ತೆ ಗೋದಾಬಾಯಿ, "ಗಂಡಸರ ಜೋಡಿ ಎಲಿ ಆಡೋದು ಈ ಮನ್ಯಾಗ ಹೊಸದು" ಎಂದು ಕೇಳುವಂತೆ ಅಂದರು. ಇಂದಿರಾಬಾಯಿ ಏಳದೆ ಮುಂದಿನ ಎಲೆ ಇಳಿಸಿದರು. ಅತ್ತೆಗೆ ಸೊಸೆಯ ಮೇಲೆ ಮೊದಲೇ ಸಿಟ್ಟಿತ್ತು. ಮೊಮ್ಮಗಳು ವಿಜಯಲಕ್ಷ್ಮೀಯನ್ನು ಅನಂತಪುರಕ್ಕೆ ಕಳಿಸಿ ಇಂಟರ್‌ಮೀಡಿಯೆಟ್ ಓದಿಸಬೇಕೆಂದು ಹಟ ಹಿಡಿದವಳು ಸೊಸೆಯೇ ಎಂದು. ಈಗ ಆ ಹುಡುಗಿ ಮದ್ರಾಸಿಗೆ ಹೋಗಿ ಡಾಕ್ಟರ್ ಓದುತ್ತೇನೆ ಎನ್ನುತ್ತಿದ್ದಳು. ಗೋದಾಬಾಯಿ ಆನೆಗೊಂದಿಯ ಕಡೆಯ ಒಂದು ವರ ನೋಡಿಟ್ಟಿದ್ದರು. ರಾಯರು "ನೋಡೋಣ" ಎನ್ನುತ್ತಿದ್ದರು.

ಬ್ರಿಜ್‌ನಲ್ಲಿ ಆಟಕ್ಕಿಂತ ಮೊದಲು ಕೂಗು. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಪಟ್ಟು. ಯಾವ ಬಣ್ಣ ತುರುಪಾದರೆ ತಮ್ಮ ಜೋಡಿ ಎಷ್ಟು ಪಟ್ಟು ಗೆದ್ದೀತು ಎಂದು ಸರದಿಯಂತೆ ಕೂಗಬೇಕು. ಮೂರು ಎಂದು ಕೂಗಿದರೆ ಒಂಬತ್ತು ಪಟ್ಟು, ನಾಲ್ಕು ಎಂದರೆ ಹತ್ತು. ಕೂಗಲು ಏನೂ ಇಲ್ಲದವರು ಪಾಸ್ ಅನ್ನಬೇಕು. ಎಲ್ಲಕ್ಕಿಂತ ದೊಡ್ಡ ಕೂಗು ಯಾರದೋ ಅವರು ಅಷ್ಟು ಪಟ್ಟು ಗೆಲ್ಲಬೇಕು, ಇಲ್ಲದಿದ್ದರೆ ಬಿದ್ದಂತೆ. ತನ್ನ ಕೈಯಲ್ಲಿ ಏನಿದೆ ಎಂದು ಜೊತೆಗಾರನಿಗೆ ತಿಳಿಸಲು ಇರುವ ಭಾಷೆ ಅದೊಂದೇ. ರಾಯರ ಪಡಸಾಲೆಯಲ್ಲಿ ಗಂಡಹೆಂಡತಿಯೇ ಹೆಚ್ಚು ಸಲ ಗೆಲ್ಲುತ್ತಿದ್ದರು. ತಮ್ಮ ಕೂಗುವ ಪದ್ಧತಿಯೇ ಅಷ್ಟು ಸರಿಯಾಗಿದೆ ಎಂದು ರಾಯರು ಹೇಳಿಕೊಳ್ಳುತ್ತಿದ್ದರು.

ಅದು ಮೂವತ್ತೆಂಟನೆಯ ಇಸವಿ. ಸಂಡೂರಿನ ಒಂದು ಮ್ಯಾಂಗನೀಸ್ ಗಣಿ ಕಂಪನಿಯವರು ದೀಪಾವಳಿ ಕಳೆದ ಮೇಲೆ ತಮ್ಮ ಬಂಗಲೆಯಲ್ಲಿ ಬ್ರಿಜ್ ಪಂದ್ಯ ನಡೆಸುತ್ತಿದ್ದರು. ಊರಿಗೆ ನಾಲ್ವರ ಒಂದು ತಂಡ. ಹೊಸಪೇಟೆಯ ಪರವಾಗಿ ರಾಯರು, ಇಂದಿರಾಬಾಯಿ, ಡಾಕ್ಟರ್ ಪ್ರಭಂಜನರು ಮತ್ತು ಪಡಸಾಲೆಯ ಆಟದಲ್ಲಿ ಅವರ ಜೋಡಿಯಾದ ಕಂಪ್ಲಿಯ ಬೆಲ್ಲದ ವ್ಯಾಪಾರಿ ಪಕ್ಕೀರಪ್ಪ ಡಾಕ್ಟರ ಕಾರಿನಲ್ಲಿ ಹೊರಟರು. ಕೊನೆಗೆ ಉಳಿದದ್ದು ಬಳ್ಳಾರಿಯ ತಂಡ ಮತ್ತು ಇವರು.

ಎರಡು ಕೋಣೆಗಳಲ್ಲಿ ಎರಡು ಮೇಜು. ಒಂದು ಮೇಜಿನಲ್ಲಿ ಹಂಚಿದ ಎಲೆಗಳನ್ನೇ ಹಾಗೆಯೇ ಇನ್ನೊಂದಕ್ಕೆ ಒಯ್ದು ಆಡಿಸುತ್ತಿದ್ದರು. ಇಲ್ಲಿ ರಾಯರ ಜೋಡಿ ಹಿಡಿದ ಎಲೆಗಳನ್ನು ಅಲ್ಲಿ ಬಳ್ಳಾರಿಯವರು ಹಿಡಿಯುತ್ತಾರೆ. ಡಾಕ್ಟರು ಮತ್ತು ಪಕ್ಕೀರಪ್ಪ ಅವರ ಎದುರಾಳಿಗಳು. ಹಾಗಾಗಿ ಒಳ್ಳೆಯ ಎಲೆ ಬಂದವರು ಗೆದ್ದರು ಅನ್ನುವ ಹಾಗಿಲ್ಲ. ಅದೇ ಎಲೆಯಲ್ಲಿ ಯಾರು ಹೆಚ್ಚು ಮಾಡಿದರು ಎಂಬುದೇ ಲೆಕ್ಕ.

ರಾಯರ ಮೇಜಿನಲ್ಲಿ ಬಳ್ಳಾರಿಯ ಪರ ಕುಳಿತವರು ಹಿರಿಯ ವಕೀಲ ವೆಂಕೋಬರಾಯರು ಮತ್ತು ಹತ್ತಿಯ ಜಿನ್ನಿನ ಮಾಲೀಕ ಉಜ್ಜಿನಪ್ಪ. ಬೆಳಗಿನ ಒಂದು ಆಟದಲ್ಲಿ ಎದುರಾಳಿಗಳು ಮೂರು ಡೈಮನ್ ಕೂಗಿದರು. ಕಮಲಾಕರರಾಯರು ಉಂಗುರ ತಿರುಗಿಸುತ್ತ ಬಹಳ ಹೊತ್ತು ಯೋಚಿಸಿ ಪಾಸ್ ಅಂದರು. ಇಂದಿರಾಬಾಯಿಯ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಆದರೂ ಮೂರು ಇಸ್ಪೀಟ್ ಅಂದರು. ಅದು ಗೆದ್ದಿತು. ರಾಯರ ಕೈಯಲ್ಲಿ ಇಸ್ಪೀಟಿನ ರಾಜ, ಗುಲಾಮ ಎರಡೂ ಇದ್ದವು.

ಮಧ್ಯಾಹ್ನ ಉಪ್ಪಿಟ್ಟು ತಿನ್ನುವಾಗ ಉಜ್ಜಿನಪ್ಪ ನಗುತ್ತ ಹೇಳಿದರು: "ತಾಯಿ, ನಿಮ್ಮ ರಾಯರ ಪಾಸಿನಾಗ ಎರಡು ಥರ ಐತಿ ನೋಡ್ರಿ. ಒಂದು ಜಲ್ದಿ ಪಾಸು, ಇನ್ನೊಂದು ತಡದು ಹೇಳೋ ಪಾಸು. ನಿಮಗ ಎರಡೂ ಭಾಳ ಚಲೋ ತಿಳೀತಾವ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಕಮಲಾಕರರಾಯರೂ ನಕ್ಕರು. ಇಂದಿರಾಬಾಯಿಗೆ ಮಾತ್ರ ಉಪ್ಪಿಟ್ಟು ಸೇರಲಿಲ್ಲ. ಪಡಸಾಲೆಯಲ್ಲಿ ಗೆದ್ದ ಆಟಗಳೆಲ್ಲ ಒಂದೊಂದಾಗಿ ನೆನಪಾದವು. ಇಷ್ಟು ದಿನ ತನಗೆ ಎಲೆಯ ಸೂಕ್ಷ್ಮ ತಿಳಿಯುತ್ತದೆ ಎಂದುಕೊಂಡಿದ್ದರು. ಎಷ್ಟೋ ಸಲ ತಿಳಿದದ್ದು ಎಲೆಯಲ್ಲ, ಗಂಡನ ಮುಖ. ಎದುರಾಳಿಗಳು ಕೂಗನ್ನು ನಂಬಿ ಆಡುತ್ತಿದ್ದರೆ ತಾವು ಇನ್ನೊಂದು ಭಾಷೆಯಲ್ಲಿ ಮಾತಾಡಿಕೊಂಡಂತಾಯಿತು. ಅದು ಬೇಕೆಂದು ಮಾಡಿದ್ದಲ್ಲ, ಸರಿ. ಆದರೆ ಈಗ ಗೊತ್ತಾಗಿದೆ. ಇನ್ನು ಗೊತ್ತಿಲ್ಲ ಅನ್ನುವಂತಿಲ್ಲ.

ಮಧ್ಯಾಹ್ನದ ಆಟ ಸರಿಸಮವಾಗಿ ನಡೆಯಿತು. ಕೊನೆಯ ಹಂಚಿಕೆ ಬಂದಾಗ ಯಾರು ಮುಂದಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಇಂದಿರಾಬಾಯಿಗೆ ಆಟೀನಿನ ಆರು ಎಲೆ ಬಂದಿದ್ದವು, ಎಕ್ಕ ಮತ್ತು ರಾಜ ಸೇರಿ. ಡೈಮನಿನ ರಾಜ ಮತ್ತು ಗುಲಾಮ, ಕಳಾವರಿನ ಗುಲಾಮ, ಇಸ್ಪೀಟು ಒಂದೇ ಒಂದು. "ಒಂದು ಆಟೀನ್" ಎಂದು ಕೂಗಿದರು. ಎಡಗಡೆಯಿಂದ ವೆಂಕೋಬರಾಯರು "ಒಂದು ಇಸ್ಪೀಟ್" ಅಂದರು. ಕಮಲಾಕರರಾಯರು "ಎರಡು ಆಟೀನ್" ಎಂದು ಹೆಂಡತಿಗೆ ಬೆಂಬಲ ಕೊಟ್ಟರು. ಉಜ್ಜಿನಪ್ಪ "ಎರಡು ಇಸ್ಪೀಟ್" ಅಂದರು. ತನ್ನ ಆರನೆಯ ಆಟೀನನ್ನು ನೆಚ್ಚಿ ಇಂದಿರಾಬಾಯಿ "ಮೂರು ಆಟೀನ್" ಅಂದರು. ವೆಂಕೋಬರಾಯರು ಬಿಡಲಿಲ್ಲ: "ಮೂರು ಇಸ್ಪೀಟ್."

ಕಮಲಾಕರರಾಯರು ತಡೆದರು. ಎಲೆಗಳನ್ನು ಮುಚ್ಚಿದರು, ಮತ್ತೆ ಬಿಡಿಸಿದರು. ಉಂಗುರ ಒಂದು ಸುತ್ತು ತಿರುಗಿತು. ಕಿಟಕಿಯ ಹೊರಗೆ ಅದಿರು ತುಂಬಿದ ಗಾಡಿಗಳು ಇಳಿಜಾರಿನಲ್ಲಿ ಹೋಗುವ ಸದ್ದು ಕೇಳುತ್ತಿತ್ತು. ಕೊನೆಗೆ ಅವರು, "ಪಾಸ್" ಅಂದರು.

ಉಜ್ಜಿನಪ್ಪ ತಕ್ಷಣ ಪಾಸ್ ಅಂದರು. ಸರದಿ ಇಂದಿರಾಬಾಯಿಯದು.

ಅವರಿಗೆ ಗಂಡನ ಕೈ ತೆರೆದಿಟ್ಟಂತೆ ಕಾಣುತ್ತಿತ್ತು. ಎರಡು ಆಟೀನ್ ಎಂದು ಕೂಗುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಅಲ್ಲಿದೆ. ನಾಲ್ಕು ಕೂಗಲೋ ಬೇಡವೋ ಎಂದು ತೂಗಿ ಬಿಟ್ಟಿದ್ದಾರೆ. ನಾಲ್ಕು ಆಟೀನ್ ಅಂದರೆ ಹತ್ತು ಪಟ್ಟು ಬಂದೇ ಬರುತ್ತದೆ. ಅಷ್ಟು ಬಂದರೆ ದೊಡ್ಡ ಬಹುಮಾನದ ಅಂಕಗಳು. ನಾಲಗೆಯ ತುದಿಗೆ ಬಂದಿತ್ತು. ಗೆಲ್ಲುವ ಆಸೆ ಅವರಿಗೂ ಇತ್ತು. ಸಂಡೂರಿನವರೆಗೆ ಬಂದದ್ದು ಸೋಲುವುದಕ್ಕಲ್ಲ. ಆದರೆ ತನ್ನನ್ನೇ ಒಂದು ಮಾತು ಕೇಳಿಕೊಂಡರು: ಅವರು ತಟ್ಟನೆ ಪಾಸ್ ಅಂದಿದ್ದರೆ ನಾನೇನು ಮಾಡುತ್ತಿದ್ದೆ? ನನ್ನ ಕೈಯಲ್ಲಿ ಇದ್ದದ್ದನ್ನೆಲ್ಲ ಮೂರು ಆಟೀನಿನಲ್ಲಿ ಹೇಳಿಯಾಗಿದೆ. ಹೊಸದಾಗಿ ಹೇಳುವುದು ಏನೂ ಉಳಿದಿಲ್ಲ.

"ಪಾಸ್" ಅಂದರು.

ವೆಂಕೋಬರಾಯರು ಮೂರು ಇಸ್ಪೀಟು ಆಡಬೇಕು. ಒಂಬತ್ತು ಪಟ್ಟು ಗೆಲ್ಲಬೇಕು. ಕಮಲಾಕರರಾಯರು ಆಟೀನ್ ಇಳಿಸಿದರು. ನಿಯಮದಂತೆ ಉಜ್ಜಿನಪ್ಪ ತಮ್ಮ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಮೇಲೆ ಹರಡಿದರು, ಅವನ್ನೂ ವೆಂಕೋಬರಾಯರೇ ಆಡಿಸಬೇಕು. ಕಳಾವರಿನಲ್ಲಿ ಅವರಿಗೆ ಎಕ್ಕ, ಹತ್ತು ಮತ್ತು ಎರಡು ಸಣ್ಣ ಎಲೆ. ಇಂದಿರಾಬಾಯಿ ಆಗಲೇ ಲೆಕ್ಕ ಹಾಕಿದರು. ಮುಂದೆ ಯಾವಾಗಲೋ ಆ ಹತ್ತು ತನ್ನ ಗುಲಾಮನ ಮೇಲೆ ಬರುತ್ತದೆ. ಆಗ ಯೋಚಿಸುತ್ತ ಕೂತರೆ ಗುಲಾಮ ತನ್ನಲ್ಲಿದೆ ಎಂದು ವೆಂಕೋಬರಾಯರಿಗೆ ಹೇಳಿದಂತೆ. ಏನು ಮಾಡಬೇಕೆಂದು ಈಗಲೇ ತೀರ್ಮಾನಿಸಬೇಕು. ತೀರ್ಮಾನಿಸಿದರು.

ಆಟೀನಿನ ರಾಜ, ಎಕ್ಕ ಎರಡರಲ್ಲೂ ಗೆದ್ದು, ಸಣ್ಣ ಡೈಮನ್ ಆಡಿ ಗಂಡನಿಗೆ ಕೊಟ್ಟರು. ರಾಯರು ರಾಣಿಯಿಂದ ಒಂದು, ಎಕ್ಕದಿಂದ ಒಂದು ಹಿಡಿದರು. ನಾಲ್ಕು ಪಟ್ಟು ಬಂದಿತ್ತು. ಇನ್ನೊಂದು ಸಿಕ್ಕರೆ ವೆಂಕೋಬರಾಯರು ಬೀಳುತ್ತಾರೆ. ಅವರು ಸಾವಕಾಶವಾಗಿ ತುರುಪು ಎಲ್ಲ ಎಳೆದು, ಕೊನೆಗೆ ಮೇಜಿನ ಮೇಲಿದ್ದ ಕಳಾವರಿನ ಹತ್ತನ್ನು ಮುಂದೆ ಸರಿಸಿ ಇಂದಿರಾಬಾಯಿಯ ಮುಖ ನೋಡಿದರು. ಗುಲಾಮ ಹಾಕಿದ್ದರೆ ಅವರು ರಾಜನಿಂದ ಹಿಡಿದು, ಉಳಿದ ರಾಣಿಯನ್ನು ಕಮಲಾಕರರಾಯರ ಕಡೆ ಹುಡುಕುತ್ತಿದ್ದರು. ಇಂದಿರಾಬಾಯಿ ತಡೆಯದೆ ಕಳಾವರಿನ ಮೂರು ಇಳಿಸಿದರು. ವೆಂಕೋಬರಾಯರು ಮೇಲೆ ರಾಜ ಹಾಕದೆ ಹತ್ತನ್ನು ಓಡಬಿಟ್ಟರು. ಕಮಲಾಕರರಾಯರು ರಾಣಿಯಿಂದ ಹಿಡಿದರು. ಒಂದು ಪಟ್ಟು ಕಡಿಮೆ ಬಿತ್ತು.

"ಚಲೋ ಆಡಿದ್ರಿ" ಎಂದು ವೆಂಕೋಬರಾಯರು ಎಲೆಗಳನ್ನು ಕೂಡಿಸಿದರು.

ಆದರೆ ಒಂದು ಪಟ್ಟಿನ ಅಂಕ ಸಾಲಲಿಲ್ಲ. ಇನ್ನೊಂದು ಕೋಣೆಯಲ್ಲಿ ಅದೇ ಎಲೆಗಳಲ್ಲಿ ಬಳ್ಳಾರಿಯವರು ನಾಲ್ಕು ಆಟೀನ್ ಕೂಗಿ ಹತ್ತು ಪಟ್ಟು ಮಾಡಿದ್ದರು. ಅಲ್ಲಿ ರಾಯರ ಎಲೆಗಳನ್ನು ಹಿಡಿದವನು ತಡೆದಿರಲಿಲ್ಲ. ತಾನೇ ನಾಲ್ಕು ಕೂಗಿಬಿಟ್ಟಿದ್ದ. ಆ ಒಂದು ಆಟದಲ್ಲೇ ಪಂದ್ಯದ ಕಪ್ ಬಳ್ಳಾರಿಗೆ ಹೋಯಿತು. ಪ್ರಭಂಜನರು ಲೆಕ್ಕ ನೋಡಿ, "ನೀವು ನಾಲ್ಕು ಕೂಗಲಿಲ್ಲೇನು?" ಎಂದು ಮೆಲ್ಲಗೆ ಕೇಳಿದರು. ಕಮಲಾಕರರಾಯರು, "ಇಲ್ಲ" ಎಂದಷ್ಟೇ ಹೇಳಿ ಕೋಟು ಹಾಕಿಕೊಂಡರು.

ವಾಪಸು ಬರುವಾಗ ಘಟ್ಟದ ಏರಿನಲ್ಲಿ ಕಾರಿನ ನೀರು ಕುದಿಯಿತು. ಡಾಕ್ಟರು ಮತ್ತು ಪಕ್ಕೀರಪ್ಪ ಡಬ್ಬಿ ಹಿಡಿದು ಹಳ್ಳದ ಕಡೆ ಇಳಿದರು. ಗಂಡಹೆಂಡತಿ ರಸ್ತೆಯ ಸಣ್ಣ ಸೇತುವೆಯ ಕಟ್ಟೆಯ ಮೇಲೆ ಕುಳಿತರು. ಸಂಜೆಯ ಬಿಸಿಲು ಕೆಂಪು ಗುಡ್ಡಗಳ ಮೇಲಿತ್ತು. ಇಬ್ಬರ ಕಾಲಿಗೂ ಕೆಂಪು ಧೂಳು ಹತ್ತಿತ್ತು.

"ಇಷ್ಟು ವರ್ಷ ಸಂಸಾರ ಮಾಡೀದಿ" ಎಂದರು ರಾಯರು. "ನಾ ಯಾಕ ತಡದೆ ಅಂತ ನಿನಗ ತಿಳೀಲಿಲ್ಲೇನು?"

"ತಿಳೀತು" ಎಂದರು ಇಂದಿರಾಬಾಯಿ. "ಆಟೀನ್ ರಾಣಿ ನಿಮ್ಮ ಹತ್ರ ಅದ, ಡೈಮನ್ ಎಕ್ಕನೂ ಅದ ಅಂತ ತಿಳೀತು. ತಿಳಿದಿದ್ದಕ್ಕೇ ಪಾಸ್ ಅಂದೆ."

"ಇದೆಂಥಾ ಮಾತು?"

"ಕೋರ್ಟಿನಾಗ ಸಾಕ್ಷಿ ಹೇಳೋನು ನಿಮ್ಮ ಮುಖ ನೋಡಿ ಉತ್ರ ಕೊಟ್ರ ಜಡ್ಜರು ಒಪ್ತಾರೇನು? ನೀವು ಬಾಯಿಲೆ ಪಾಸ್ ಅಂದ್ರಿ. ನಾ ಕೇಳಬೇಕಾಗಿದ್ದು ಅಷ್ಟನ್ನೇ. ಬೆಳಿಗ್ಗೆ ಮೂರು ಇಸ್ಪೀಟು ಕೂಗಿದ್ದೂ ನನ್ನ ತಪ್ಪೇ. ಆಗ ನನಗ ಅದು ಹೊಳೀಲಿಲ್ಲ. ಉಜ್ಜಿನಪ್ಪನೋರು ಅಂದ ಮ್ಯಾಲೆ ಹೊಳೀತು."

ಕೆಳಗೆ ಪಕ್ಕೀರಪ್ಪ ಡಾಕ್ಟರಿಗೆ ದಾರಿ ತೋರಿಸುವ ದನಿ ಕೇಳಿತು.

"ನಾಲ್ಕು ನಾನೇ ಕೂಗಬೇಕಿತ್ತು" ಎಂದರು ರಾಯರು ಕೊನೆಗೆ.

"ಹೌದು."

"ಕೂಗಿ ಬಿದ್ರ ನನ್ನ ತಲಿಮ್ಯಾಲೆ ಬರ್ತದ ಅನ್ನಿಸ್ತು. ನೀ ಕೂಗ್ತಿ ಅಂತ ಬಿಟ್ಟೆ."

ಇಂದಿರಾಬಾಯಿ ಸೆರಗಿನಿಂದ ಕಾಲಿನ ಧೂಳು ಒರೆಸುತ್ತಿದ್ದರು. ತಲೆ ಎತ್ತದೆ ಹೇಳಿದರು: "ವಿಜಯಾನ್ನ ಅನಂತಪುರಕ್ಕ ಕಳಿಸೋವಾಗನೂ ಹಿಂಗ ಆತು. ಅತ್ತೆಯವರು ಕೇಳಿದ್ರು, ನೀವು ತಡದ್ರಿ. ನಿಮಗ ಮನಸ್ಸದ ಅಂತ ನನಗ ಗೊತ್ತಿತ್ತು. ನಾ ಬಾಯಿಬಿಟ್ಟೆ. ಇವತ್ತಿನ ತನಕ ಅವರು ನನ್ನ ಕೂಡ ನೆಟ್ಟಗ ಮಾತಾಡಿಲ್ಲ. ಅದಕ್ಕ ನನಗ ದುಃಖ ಇಲ್ಲ. ಆದ್ರ ಈ ಸಲ ಮದ್ರಾಸಿನ ಮಾತು ಬಂದದ. ನಾ ಎಷ್ಟಂತ ನಿಮ್ಮ ಮಾತೂ ಸೇರಿಸಿ ಆಡ್ಲಿ?"

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಆ ಆಯಾಸ ರಾಯರನ್ನು ಮುಟ್ಟಿತು. ಕೋರ್ಟಿನಲ್ಲಿ ಇಡೀ ದಿನ ಇನ್ನೊಬ್ಬರ ಪರವಾಗಿ ಮಾತಾಡುವ ತಾನು ಮನೆಯಲ್ಲಿ ತನ್ನ ಪರವಾಗಿ ಮಾತಾಡಲು ಹೆಂಡತಿಯನ್ನು ಇಟ್ಟುಕೊಂಡಿದ್ದೇನೆ ಎಂದು ಅವರಿಗೆ ಅನ್ನಿಸಿತು. ಏನೋ ಹೇಳಬೇಕೆಂದಿದ್ದರು. ಅಷ್ಟರಲ್ಲಿ ಡಾಕ್ಟರು ನೀರು ತಂದರು. ಕಾರು ಹೊರಟಿತು.

ಮರುದಿನ ಬೆಳಿಗ್ಗೆ ಊಟಕ್ಕೆ ಕುಳಿತಾಗ ಗೋದಾಬಾಯಿ ಆನೆಗೊಂದಿಯ ಮಾತು ತೆಗೆದರು. ವರನ ಕಡೆಯವರು ಉತ್ತರ ಕಾಯುತ್ತಿದ್ದಾರಂತೆ. ಇಂದಿರಾಬಾಯಿ ಅನ್ನದ ಪಾತ್ರೆ ಹಿಡಿದು ನಿಂತಿದ್ದರು.

"ಅವ್ವಾ, ಅವರಿಗೆ ಬ್ಯಾಡ ಅಂತ ಹೇಳಿಬಿಡೋಣ" ಎಂದರು ರಾಯರು. "ವಿಜಯಾ ಡಾಕ್ಟರ್ ಓದ್ಲಿ. ಮದ್ರಾಸಿಗೆ ನಾನೇ ಕರಕೊಂಡು ಹೋಗಿ ಬಿಟ್ಟು ಬರ್ತೀನಿ. ಇದು ನನ್ನ ಮಾತು. ಇಂದಿರಾ ಹೇಳಿಕೊಟ್ಟಿದ್ದಲ್ಲ."

ಗೋದಾಬಾಯಿ ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಎಲೆಯ ಮುಂದಿನಿಂದ ಎದ್ದು ಹೋದರು. ಈ ಸಲ ಅವರು ಮಾತು ಬಿಟ್ಟದ್ದು ಮಗನ ಜೊತೆ. ರಾಯರಿಗೆ ಅದು ಹೊಸದು, ಕಷ್ಟವೂ ಆಯಿತು. ಕೋರ್ಟಿಗೆ ಹೋಗುವಾಗ ತಾಯಿಯ ಕೋಣೆಯ ಮುಂದೆ ನಿಂತು "ಹೋಗಿ ಬರ್ತೀನಿ" ಎನ್ನುವರು. ಒಳಗಿನಿಂದ ಉತ್ತರ ಬಾರದು. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಪಡಸಾಲೆಯ ಆಟ ಮುಂದುವರಿಯಿತು. ರಾಯರು ಈಗ ಉಂಗುರ ಬಿಚ್ಚಿಟ್ಟು ಆಡುತ್ತಿದ್ದರು. ಸರದಿ ಬಂದ ತಕ್ಷಣ ಕೂಗುತ್ತಿದ್ದರು. ಆ ಬೇಸಿಗೆಯೆಲ್ಲ ಗಂಡಹೆಂಡತಿ ಹೆಚ್ಚು ಸೋತರು. "ಪದ್ಧತಿ ಬದಲಾಗ್ಯದ ಏನ್ರಿ?" ಎಂದು ಪ್ರಭಂಜನರು ಕೇಳಿದರೆ ಇಂದಿರಾಬಾಯಿ ನಕ್ಕು ಎಲೆ ಹಂಚುತ್ತಿದ್ದರು. ಈಗ ಗಂಡನ ಕೈಯಲ್ಲಿ ಏನಿದೆ ಎಂದು ಅವರಿಗೆ ಮೊದಲಿನಷ್ಟು ಗೊತ್ತಾಗುತ್ತಿರಲಿಲ್ಲ. ಕೂಗನ್ನು ಕೇಳಿ ಯೋಚಿಸಬೇಕಾಗುತ್ತಿತ್ತು. ಆಟ ಹೊಸದಾಗಿ ಕಲಿಯುತ್ತಿರುವಂತೆ ಅನ್ನಿಸಿ ಖುಷಿಯಾಗುತ್ತಿತ್ತು.

ವಿಜಯಲಕ್ಷ್ಮೀ ಹೊರಡುವ ವಾರ ಗೋದಾಬಾಯಿ ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದು, ಇಂದಿರಾಬಾಯಿ ಹುರಿಯುತ್ತಿದ್ದ ಮೆಂತ್ಯದ ಹಿಟ್ಟಿನ ಬೇಳೆಯನ್ನು ಬಗ್ಗಿ ನೋಡಿದರು.

"ಇಷ್ಟು ಹುರಿದ್ರ ಸಾಲಂಗಿಲ್ಲ" ಎಂದು ಸೊಸೆಯ ಕೈಯಿಂದ ಸೌಟು ತೆಗೆದುಕೊಂಡರು. "ಮದ್ರಾಸಿನ ಹವಾಕ್ಕ ಜಲ್ದಿ ಕೆಡ್ತದ. ಸರಿ, ನಾ ಹುರೀತೀನಿ. ನೀ ಡಬ್ಬಿ ಒರಸಿ ಬಿಸಿಲಿಗೆ ಇಡು."