ಎಲ್ಲವೂ ಸ್ಪಷ್ಟವಾಗಿದೆ

ಇಂಗ್ಲಿಷ್ ಪಾಠದ ಹೊಸ ಕೈಪಿಡಿ ಕೈಗೆ ಬಂದಾಗ ಹೊಲಿಗೆ ಟೀಚರ ಎದೆ ಧಸಕ್ಕೆಂದಿತು. ಹಳೆಯದರ ಅರ್ಧದಷ್ಟೂ ದಪ್ಪವಿರಲಿಲ್ಲ.

ಅವಳು ಈ ಶಾಲೆಗೆ ಸೇರಿದ್ದು ಹೊಲಿಗೆ ಕಲಿಸಲು. ಎರಡು ವರ್ಷದ ಹಿಂದೆ ಇಂಗ್ಲಿಷ್ ಮೇಷ್ಟ್ರು ನಿವೃತ್ತರಾದಾಗ ಹೆಡ್‌ಮಾಸ್ಟರು, "ಇದ್ದವರಲ್ಲಿ ನೀವೇ ವಾಸಿ, ಸ್ವಲ್ಪ ದಿನ ಸುಧಾರಿಸಿ" ಎಂದು ಐದನೇ ತರಗತಿಯನ್ನು ಅವಳ ತಲೆಗೆ ಕಟ್ಟಿದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಇಂಗ್ಲಿಷನ್ನು ತಡವರಿಸಿ ಓದಬಲ್ಲಳು, ಬಾಯಿಬಿಟ್ಟು ಮಾತಾಡಲಾರಳು. ಹಳೆಯ ಕೈಪಿಡಿಯಲ್ಲಿ ಪ್ರತಿ ಪ್ರಶ್ನೆಗೂ ಸಣ್ಣಕ್ಷರದಲ್ಲಿ ಒಂದು ಮಾದರಿ ಉತ್ತರವಿತ್ತು. ಅದನ್ನು ಬಸ್ಸಿನಲ್ಲಿ ಉರುಹೊಡೆದು ಬಂದು ತರಗತಿಯಲ್ಲಿ ಒಪ್ಪಿಸುತ್ತಿದ್ದಳು. ಯಾವ ಮಗುವಾದರೂ ಅದರಾಚೆ ಒಂದು ಮಾತು ಕೇಳಿತೋ, "ನಾಳೆ ಹೇಳ್ತೀನಿ." ಮಕ್ಕಳು ಅವಳಿಗೆ ನಾಳೆ ಮಿಸ್ ಎಂದೇ ಹೆಸರಿಟ್ಟಿದ್ದರು.

ಹೊಸದರಲ್ಲಿ ಆ ಮಾದರಿ ಉತ್ತರಗಳೂ ಇರಲಿಲ್ಲ. 'ಮುಕ್ತವಾಗಿ ಚರ್ಚಿಸಿ. ಉತ್ತರಗಳು ಬೇರೆ ಬೇರೆ ಇರಬಹುದು.' ಬೇರೆ ಬೇರೆ ಇರಲಿ ಸ್ವಾಮಿ, ಒಂದಾದರೂ ಇರಬೇಡವೇ? 'ಮಕ್ಕಳು ತಪ್ಪಿದರೆ ಸೂಕ್ತವಾಗಿ ತಿದ್ದಿ.' ಸೂಕ್ತ ಯಾವುದೆಂದು ಗೊತ್ತಿದ್ದವರಿಗೆ ಕೈಪಿಡಿಯಾದರೂ ಏಕೆ ಬೇಕು?

ನಿಘಂಟು ಪಕ್ಕದಲ್ಲಿಟ್ಟುಕೊಂಡು ಮುನ್ನುಡಿ ಓದಿದಳು. ಕಳೆದ ಸಲ ಅಭಿಪ್ರಾಯ ಕೇಳಿದಾಗ ಶಿಕ್ಷಕರೆಲ್ಲ 'ಎಲ್ಲವೂ ಸ್ಪಷ್ಟವಾಗಿದೆ' ಎಂದು ಬರೆದಿದ್ದರಂತೆ. ಆದ್ದರಿಂದ ಅನಗತ್ಯ ವಿವರಣೆ, ಮಾದರಿ ಉತ್ತರ ಎರಡನ್ನೂ ಕೈಬಿಡಲಾಗಿತ್ತು.

ಅವಳೂ ಹಾಗೆಯೇ ಬರೆದಿದ್ದಳು. ಬರೆಯದೆ ಮತ್ತೇನು ಮಾಡುವುದು? ಕೈಪಿಡಿ ಸಾಲದು ಎಂದರೆ ತನಗೆ ಪಾಠ ಬರುವುದಿಲ್ಲ ಎಂದು ಬರೆದುಕೊಟ್ಟ ಹಾಗೆ. ಪ್ರತಿ ವರ್ಷ ಹೆಡ್‌ಮಾಸ್ಟರು ಸಹಿ ಹಾಕಿದರಷ್ಟೇ ಅವಳ ಕೆಲಸ ಮುಂದುವರಿಯುತ್ತಿತ್ತು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು.

ಕೈಪಿಡಿ ಬರೆದ ಮೇಡಂ ಗುರುವಾರ ಶಾಲೆಗೇ ಬರುತ್ತಾರೆಂದು ಸುದ್ದಿ ಬಂತು.

"ಅಕ್ಕ, ಈ ಸಲ ಇದ್ದದ್ದು ಇದ್ದ ಹಾಗೆ ಹೇಳಿಬಿಡೆ," ಎಂದಳು ಮನೆಯಲ್ಲಿ ತಂಗಿ.

"ಹೇಳಿದ್ರೆ ಕೆಲಸ ಹೋಗುತ್ತೆ ಕಣೆ."

"ಹೇಳದಿದ್ರೆ ನೀನೇ ಹೋಗ್ತೀಯ. ಊಟ ಬಿಟ್ಟು ಎಷ್ಟು ದಿನ ಆಯ್ತು, ಲೆಕ್ಕ ಇಟ್ಟಿದ್ದೀಯಾ?"

ಗುರುವಾರ ಸ್ಟಾಫ್ ರೂಮಿನಲ್ಲಿ ಮೇಡಂ ಕನ್ನಡಕ ಒರೆಸಿಕೊಳ್ಳುತ್ತ ಕೇಳಿದರು. "ಇದರಲ್ಲಿ ಇನ್ನೇನಿದ್ರೆ ನಿಮಗೆ ಅನುಕೂಲ?"

ಈ ಒಂದು ಪ್ರಶ್ನೆಗಾಗಿ ಅವಳು ಎರಡು ವರ್ಷ ಕಾದಿದ್ದಳು. ಆದರೆ ಬಾಗಿಲಲ್ಲಿ ಹೆಡ್‌ಮಾಸ್ಟರು ಕೈಕಟ್ಟಿ ನಿಂತಿದ್ದರು.

"ಎಲ್ಲಾ ಸ್ಪಷ್ಟವಾಗಿದೆ ಮೇಡಂ."

"ಒಳ್ಳೇದಾಯ್ತು. ಹಾಗಾದ್ರೆ ಮುಂದಿನ ಸಲ ಪದಗಳ ಅರ್ಥಾನೂ ತೆಗೀಬಹುದು."

ಮೇಡಂ ಹೊರಟರು. ಅವಳಿಗೆ ಅಳು ಬರಲಿಲ್ಲ, ತನ್ನ ಮೇಲೆಯೇ ಅಸಹ್ಯವಾಯಿತು. ಹೊರಗೆ ಕಾರಿನ ಬಾಗಿಲು ಹಾಕಿದ ಸದ್ದಾದದ್ದೇ, ಚಪ್ಪಲಿಯನ್ನೂ ಮೆಟ್ಟದೆ ಗೇಟಿಗೆ ಓಡಿದಳು.

"ಮೇಡಂ, ನಾನು ಸುಳ್ಳು ಹೇಳಿದೆ. ನನಗೆ ಇಂಗ್ಲಿಷ್ ಬರಲ್ಲ. ಮಕ್ಕಳು ಏನು ಕೇಳಬಹುದು, ನಾನೇನು ಹೇಳಬೇಕು, ಒಂದೊಂದು ಮಾತೂ ಬರೆದುಕೊಡಿ. ಹೊಲಿಗೆ ಕಲಿಯೋರಿಗೆ ಸೂಜಿ ಎಲ್ಲಿ ಚುಚ್ಚಬೇಕು, ಎಲ್ಲಿ ತೆಗೀಬೇಕು ಅಂತ ನಾನು ಕೈಹಿಡಿದು ತೋರಿಸ್ತೀನಿ. ಸೂಕ್ತವಾಗಿ ಹೊಲಿಯಿರಿ ಅಂದು ಕೂತ್ಕೊಳ್ಳಲ್ಲ."

ಮೇಡಂ ಅವಳ ಬರಿಗಾಲು ನೋಡಿ ಕಾರಿನಿಂದ ಇಳಿದರು. "ಇದು ಮೂವತ್ತೊಂದನೇ ಶಾಲೆ. ಮೂವತ್ತರಲ್ಲೂ ಸ್ಪಷ್ಟವಾಗಿದೆ ಅಂದ್ರು. ಒಬ್ಬರ ಮಾತಿಗೆ ಪುಸ್ತಕ ಬದಲಾಗಲ್ಲಮ್ಮ."

"ಅವರೂ ನನ್ನ ಹಾಗೇ ಹೇಳಿರ್ತಾರೆ."

"ಇರಬಹುದು. ಒಬ್ಬರಾದ್ರೂ ಬರೆದುಕೊಟ್ರೆ ಉಳಿದವರನ್ನ ಮತ್ತೆ ಕೇಳೋಕೆ ನನಗೊಂದು ಆಧಾರ ಸಿಗುತ್ತೆ. ಆದ್ರೆ ನಿಮ್ಮ ಹೆಸರು, ಹೆಡ್‌ಮಾಸ್ಟರ ಸಹಿ ಇಲ್ಲದೆ ಆಫೀಸಲ್ಲಿ ತಗೊಳ್ಳಲ್ಲ. ಕಾಯ್ತೀನಿ."

ಕಾರಿನ ಬಾನೆಟ್ಟಿನ ಮೇಲೆ ಹಾಳೆಯಿಟ್ಟು ಬರೆದಳು. ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ. ಅದನ್ನು ಒಯ್ದು ಹೆಡ್‌ಮಾಸ್ಟರ ಮುಂದಿಟ್ಟಳು.

ಅವರು ಎರಡು ಸಲ ಓದಿದರು. ಬೈಯಲಿಲ್ಲ. ಸಹಿ ಹಾಕಿ, ಸೀಲು ಒತ್ತಿ, ಹಾಳೆಯನ್ನು ಅವಳತ್ತ ಸರಿಸಿದರು.

"ಕೊಟ್ಟು ಬನ್ನಿ. ಬಂದಮೇಲೆ ಹೊಲಿಗೆ ಸಾಮಾನಿನ ಬೀರುವಿನ ಕೀಲಿ ಇಲ್ಲಿ ಮೇಜಿನ ಮೇಲಿಡಿ. ನಾಳೆಯಿಂದ ನಿಮಗದು ಬೇಕಾಗಲ್ಲ."

ಕಾರು ಇನ್ನೂ ಗೇಟಿನ ಬಳಿಯೇ ನಿಂತಿತ್ತು. ಹಾಳೆಯನ್ನು ಎದೆಗೊತ್ತಿಕೊಂಡು ಅವಳು ಮತ್ತೆ ಓಡಿದಳು.